ಅಂದಾನಿಗೆ ಕೇಳಿಸಿದ ತೊಂದರೆ

ಅಂದಾನಿ ಮಳವಳ್ಳಿ ಕಡೆಯವನು. ಬ್ಯಾಂಕಿನ ವರ್ಗಾವಣೆ ಅವನನ್ನು ನಂಜನಗೂಡಿನಿಂದ ಎತ್ತಿ ಚೆನ್ನೈಯ ಟಿ. ನಗರಕ್ಕೆ ತಂದು ಹಾಕಿ ಕೆಲವು ವರ್ಷವಾಗಿತ್ತು. ಸುತ್ತ ರೇಷ್ಮೆ ಸೀರೆಯ ಅಂಗಡಿಗಳು, ನಡುವೆ ಇವನ ಶಾಖೆ, ಬೆಳಗಿನಿಂದ ಸಂಜೆಯವರೆಗೆ ಚಿನ್ನದ ಸಾಲದವರ ನೂಕುನುಗ್ಗಲು. ಇಷ್ಟರ ನಡುವೆ ಅವನಿಗಿದ್ದ ಒಂದೇ ಖಯಾಲಿ ಹಳೆಯ ಸಿನಿಮಾ. ತಿಂಗಳಿಗೊಂದು ಶನಿವಾರ ಅವನಂಥವರು ಕೆಲವರು ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಸೇರಿ ಯಾವುದಾದರೂ ದೇಶದ ಚಿತ್ರ ನೋಡುತ್ತಿದ್ದರು. ನೋಡಿದ ಮೇಲೆ ಒಬ್ಬರು ಎದ್ದು ಅದರ ಸ್ವಾರಸ್ಯ ಹೇಳಬೇಕು. ಆ ಒಬ್ಬರು ಸಾಮಾನ್ಯವಾಗಿ ಅಂದಾನಿಯೇ. ಅವನ ಇಂಗ್ಲಿಷು ಚೆನ್ನಾಗಿತ್ತು, ಕಂಠ ಇನ್ನೂ ಚೆನ್ನಾಗಿತ್ತು, ತಕ್ಕ ಜಾಗದಲ್ಲಿ ಗಂಟಲು ಬಿಗಿದುಕೊಳ್ಳುತ್ತಲೂ ಇತ್ತು. ನಾಟಕದವನಲ್ಲ, ಪಾಪ. ಅಳು ನಿಜವಾಗಿಯೇ ಬರುತ್ತಿತ್ತು. ಪರದೆಯ ಮೇಲಿನವರಿಗಾಗಿ ಮಾತ್ರ ಬರುತ್ತಿತ್ತು, ಅದು ಬೇರೆ ವಿಷಯ.

ಅಂಬತ್ತೂರಿನಲ್ಲಿ ಅವನಿಗೊಬ್ಬ ಚಿಕ್ಕವ್ವ ಇದ್ದಳು. ಪುಟ್ಟತಾಯಮ್ಮ, ಅವನ ಅವ್ವನ ಒಡಹುಟ್ಟಿದ ತಂಗಿ. ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಸೇರಿ, ಅಲ್ಲೇ ಪುಟ್ಟದೊಂದು ಮನೆ ಕಟ್ಟಿ, ಹೋದ ವರ್ಷ ಕಣ್ಣು ಮುಚ್ಚಿದ್ದ. ಮಕ್ಕಳಿಲ್ಲ. ಮದುವೆಯಾದಂದಿನಿಂದ ತಮಿಳರ ಬೀದಿಯಲ್ಲೇ ಬಾಳಿ ಅವಳ ಮಳವಳ್ಳಿ ಕನ್ನಡಕ್ಕೆ ತಮಿಳು ಬೆರೆತುಹೋಗಿತ್ತು. ಯಾವುದು ಯಾವ ಭಾಷೆ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಅಂದಾನಿ ಹೈಸ್ಕೂಲಿನಲ್ಲಿದ್ದಾಗ ಟೈಫಾಯ್ಡ್ ಬಂದು ಮಲಗಿದರೆ, ಗಂಡನ ಊಟ ಪಕ್ಕದ ಮನೆಯವರಿಗೆ ಒಪ್ಪಿಸಿ ಮಳವಳ್ಳಿಗೆ ಓಡಿಬಂದು, ಅವನು ಎದ್ದು ಓಡಾಡುವವರೆಗೆ ಗಂಜಿ ಕುಡಿಸಿದವಳು ಇವಳೇ.

ಗಂಡನ ವರ್ಷದ ತಿಥಿ ಮುಗಿದ ಮೇಲೆ ಒಂದು ದಿನ ಅವಳು ಬ್ಯಾಂಕಿನ ಹೊತ್ತಿನಲ್ಲೇ ಫೋನು ಮಾಡಿದಳು.

"ಮಗ, ನಂಗೆ ಪೇಚ್ಚುತೊಣೆಗೆ ಯಾರೂ ಇಲ್ಲ ಕಣಪ್ಪ. ನೀನೊಂದ್ಸಲ ಬಂದೋಗು."

ಕೌಂಟರಿನ ಗದ್ದಲದಲ್ಲಿ ಅಂದಾನಿಗೆ ಕೇಳಿಸಿದ್ದು "ಪೇಚು ತೊಂದ್ರೆಗೆ ಯಾರೂ ಇಲ್ಲ" ಎಂದು. ಕೇಳಿಸಿದ್ದಕ್ಕೆ ಅರ್ಥವೂ ಕೂಡಲೇ ಹೊಂದಿಕೊಂಡಿತು. ಚಿಕ್ಕವ್ವನ ಮೈದುನನ ಮಕ್ಕಳು ಅಂಬತ್ತೂರಿನ ಮನೆಯಲ್ಲಿ ಪಾಲು ಕೇಳುತ್ತಿದ್ದಾರಂತೆ ಎಂದು ಅವ್ವ ಊರಿನಿಂದ ಹೇಳಿದ್ದಳು. ಸರಿ, ಅದೇ ಪೇಚು, ಅದೇ ತೊಂದರೆ. ಹೋದರೆ ಪಂಚಾಯ್ತಿಗೆ ಕೂರಿಸುತ್ತಾಳೆ, ವಕೀಲರ ಮನೆಗೆ ಅಲೆಸುತ್ತಾಳೆ. ಏನು ತೊಂದರೆ ಚಿಕ್ಕವ್ವ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಹೋಗಬೇಕಾಗುತ್ತದೆ ಎಂದು ಕೇಳಲಿಲ್ಲ. ಆಡಿಟ್ ನಡೀತಿದೆ, ಮುಗಿದ ಮೇಲೆ ಬರುತ್ತೇನೆ ಎಂದ.

ಬ್ಯಾಂಕಿನವರಿಗೆ ಆಡಿಟ್ಟಿನಂಥ ಕುಲದೇವರು ಇನ್ನೊಂದಿಲ್ಲ. ಕರೆದಾಗಲೆಲ್ಲ ಬಂದು ಕಾಪಾಡುತ್ತದೆ. ಆಮೇಲೆ ಅವಳು ಮತ್ತೆ ಮತ್ತೆ ಫೋನು ಮಾಡಿದಳು. ಒಮ್ಮೆ ವರ್ಷದ ಕೊನೆಯ ಲೆಕ್ಕ ಅಡ್ಡ ಬಂತು, ಒಮ್ಮೆ ಮಗಳ ಪರೀಕ್ಷೆ. ಒಮ್ಮೆ ಹೆಸರು ನೋಡಿ ಫೋನನ್ನೇ ಮಗುಚಿಟ್ಟ. ಅವನು ಎತ್ತಿದಾಗಲೆಲ್ಲ ಅವಳು "ಪರವಾಯಿಲ್ಲೆ ಮಗ, ಕೆಲ್ಸ ನೋಡ್ಕೊ" ಎಂದೇ ಇಡುತ್ತಿದ್ದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಫೋನು ಬರುವುದು ನಿಂತಿತು. ಅಂದಾನಿಗೆ ಹಾಯೆನಿಸಿತು. ಮನೆಯ ತಕರಾರು ಹೇಗೋ ಬಗೆಹರಿದಿರಬೇಕು ಎಂದುಕೊಂಡ.

ಆ ತಿಂಗಳ ಶನಿವಾರದ ಚಿತ್ರ ಹಳೆಯ ಕಪ್ಪುಬಿಳುಪಿನದು, ಇಂಗ್ಲೆಂಡಿನದು. ಹೆಂಡತಿ ಸತ್ತ ಒಬ್ಬ ಮುದುಕ. ಅವನು ದಿನಾ ಬೆಳಿಗ್ಗೆ ಕೋಟು ಹಾಕಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ, ಟಿಕೇಟಿನ ಕಿಂಡಿಯಲ್ಲಿ ಯಾವುದೋ ಊರಿನ ಹೆಸರು ಹೇಳಿ ರೈಲು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾನೆ. ಎಲ್ಲಿಗೂ ಹೋಗುವವನಲ್ಲ. ಒಳಗಿನವನು ಉತ್ತರ ಕೊಡುತ್ತಾನಲ್ಲ, ಅದೇ ಅವನ ದಿನದ ಮಾತುಕತೆ. ಕೊನೆಗೊಂದು ದಿನ ಒಳಗಿನವನಿಗೆ ರೇಗಿ ಕಿಂಡಿ ಮುಚ್ಚಿಬಿಡುತ್ತಾನೆ. ಮುದುಕ ಮುಚ್ಚಿದ ಕಿಂಡಿಗೆ ಟೋಪಿ ತೆಗೆದು ವಂದಿಸಿ ಹೊರಟುಹೋಗುತ್ತಾನೆ.

ದೀಪ ಹಾಕಿದಾಗ ಅಂದಾನಿಯ ಕಣ್ಣು ಕೆಂಪಗಿತ್ತು. ಎದ್ದು ನಿಂತ. ಆ ಟೋಪಿಯ ಬಗ್ಗೆ, ಕಿಂಡಿಯ ನೆರಳಿನ ಬಗ್ಗೆ, ಸಂಗೀತವೇ ಇಲ್ಲದ ಆ ಕೊನೆಯ ಗಳಿಗೆಯ ಬಗ್ಗೆ ಅವನು ಆಡಿದ ಮಾತು ಯಾರ ಎದೆಯನ್ನಾದರೂ ಕರಗಿಸುವಂತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಆದರೆ ಬಾಯಿ ಕೇಳಬೇಕಲ್ಲ. ಇದು ಆ ದೇಶದ ಕಾಯಿಲೆ, ನಮ್ಮಲ್ಲಿ ಹೀಗಿಲ್ಲ, ನಮ್ಮಲ್ಲಿ ಇನ್ನೂ ನೆಂಟರಿಷ್ಟರು ಅಂತ ಇದ್ದಾರೆ, ಒಬ್ಬಂಟಿ ಮುದುಕರನ್ನು ನಾವು ಕೈಬಿಡುವುದಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಆ ಮಹಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಮಂಗೈ ಟೀಚರು, ನಿವೃತ್ತ ತಮಿಳು ಅಧ್ಯಾಪಕಿ, ಕಣ್ಣೊರೆಸಿಕೊಂಡು ತಮಿಳಿನಲ್ಲಿ ಹೇಳಿದರು: "ಪಾವಂ, ಅಂದ ತಾತಾವುಕ್ಕು ಒರು ಪೇಚ್ಚುತೊಣೆ ಇರುಂದಿರುಂದಾ ಪೋದುಂ."

ಅಂದಾನಿಯ ಮುಖದ ನಗು ಹಾಗೇ ನಿಂತಿತು. ಏನಂದಿರಿ ಎಂದು ಕೇಳಿದ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಪೇಚ್ಚು ಎಂದರೆ ಮಾತು, ತೊಣೆ ಎಂದರೆ ಜೊತೆ. ಕೂತು ನಾಲ್ಕು ಮಾತಾಡಲು ಒಬ್ಬರು ಜೊತೆಗಿದ್ದಿದ್ದರೆ ಆ ತಾತನಿಗೆ ಅಷ್ಟೇ ಸಾಕಿತ್ತು ಎಂದೆ, ಎಂದರು.

'ಪೇಸು' ಎಂದರೆ ಮಾತಾಡು ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಟಿ. ನಗರದಲ್ಲಿ ಅಷ್ಟು ಗೊತ್ತಿಲ್ಲದೆ ಬಾಳುವುದುಂಟೇ? ಆದರೆ ಚಿಕ್ಕವ್ವನ ಬಾಯಿಂದ ಬಂದದ್ದೆಲ್ಲ ಕನ್ನಡವೇ ಇರಬೇಕೆಂದು ಅವನ ಕಿವಿ ತೀರ್ಮಾನಿಸಿತ್ತು. ಅವಳು ಕೇಳಿದ್ದು ವಕೀಲನನ್ನಲ್ಲ, ಪಂಚಾಯ್ತಿಯನ್ನಲ್ಲ. ಬಂದು ಕೂತು ಮಾತಾಡು ಎಂದಿದ್ದಳು. ಈಗ ತಾನೇ ಆದ ಚಪ್ಪಾಳೆ ನೆನೆದು ಅಂದಾನಿಗೆ ಮೈಯೆಲ್ಲ ಹಿಡಿಯಾಯಿತು. ಚೆನ್ನಾಗಿ ಹೇಳಿದಿರಿ ಎಂದು ಕೈ ಕುಲುಕಲು ಬಂದವರಿಗೆ ಮುಖ ತೋರಿಸಲಾರದೆ ಚಪ್ಪಲಿ ಮೆಟ್ಟಿಕೊಂಡು ಇಳಿದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಭಾಷೆಯ ಎಡವಟ್ಟು ನೋಡು, ಒಂದು ಪದದಿಂದ ಎಂಥ ಅನರ್ಥವಾಯಿತು ಎಂದ. ತಪ್ಪನ್ನು ಪದದ ತಲೆಗೆ ಕಟ್ಟಿದರೆ ತನಗೆ ಸ್ವಲ್ಪ ಹಗುರವಾದೀತೆಂದು ಅವನ ಆಸೆ. ಅವಳು ತಟ್ಟೆ ಹಾಕುತ್ತಿದ್ದವಳು ತಲೆಯೆತ್ತಿದಳು.

"ತೊಂದ್ರೆ ಅಂತ್ಲೇ ಕೇಳುಸ್ತು ಅಂದ್ರಲ್ಲ. ಆಗ್ಲೂ ಹೋಗ್ಲಿಲ್ವಲ್ರೀ."

ಅಂದಾನಿ ತಟ್ಟೆಯ ಮುಂದೆ ಕೂತ. ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಂಬಲದಲ್ಲಿ ಲೋಕಲ್ ಹತ್ತಿ, ನಡುವೆ ಇಳಿದು ಇನ್ನೊಂದು ರೈಲು ಹಿಡಿದು ಅಂಬತ್ತೂರು ಸೇರಿದ. ಇಷ್ಟು ಹತ್ತಿರವಿತ್ತೇ ಎಂದು ನಾಚಿಕೆಯಾಯಿತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡಿದ್ದ. ಜೋಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಬಾಗಿಲು ತೆಗೆದ ಪುಟ್ಟತಾಯಮ್ಮ ಅವನ ಮುಖ ನೋಡಿದಳು. ಇಳಿದುಹೋಗಿದ್ದಳು. ಬಾ ಎನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಅಕ್ಕ ಹೋದ್ಲಾ?" ಎಂದಳು.

ನೆಂಟರು ತಾವಾಗಿ ಬಂದರೆ ಸಾವಿನ ಸುದ್ದಿಯೇ ಎಂದು ಅವಳು ತಿಳಿದಿದ್ದಳು. ಅಂದಾನಿ ಇಲ್ಲ ಇಲ್ಲ ಎಂದರೂ ನಂಬಲಿಲ್ಲ; ಮೆಲ್ಲಗೆ ಹೇಳು, ತಡಕೊಳ್ತೀನಿ ಎಂದಳು. ಕೊನೆಗೆ ಅವನು ಊರಿಗೆ ಫೋನು ಹಚ್ಚಿ ಅವ್ವನನ್ನು ಕರೆದು ಅವಳ ಕಿವಿಗೆ ಹಿಡಿಯಬೇಕಾಯಿತು. ಅಕ್ಕನ ದನಿ ಕೇಳಿದ ಮೇಲೆ ಅವಳಿಗೆ ಉಸಿರು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫೋನು ಹಿಂದಕ್ಕೆ ಕೊಟ್ಟಳು. ಮತ್ತೆ ಅವನ ಕಡೆ ನೋಡಿದಳು.

"ಹಂಗಾರೆ ನೀ ಯಾಕಪ್ಪ ಬಂದೆ?"

ಸುಮ್ಮನೆ, ಮಾತಾಡೋಕೆ ಎಂದು ಹೇಳಬೇಕು. ಎಲ್ಲೋ ದೂರದೇಶದ ಮುದುಕನ ಟೋಪಿಯ ಬಗ್ಗೆ ಅಷ್ಟು ಮಾತಾಡಿದ ಬಾಯಿಗೆ ಅದು ಬರಲಿಲ್ಲ. ಅವನು ತಲೆ ತಗ್ಗಿಸಿ ನಿಂತದ್ದನ್ನು ಅವಳು ತನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಹೊಸ್ತಿಲಿಂದ ಎದ್ದು, ಅವನ ಕೈ ಹಿಡಿದು ಒಳಕ್ಕೆ ಎಳೆದುಕೊಂಡಳು.

"ನಿಂಗೇನೋ ಕಷ್ಟ ಬಂದೈತೆ. ಏನೇ ಇರ್ಲಿ, ಹೇಳು ಮಗ. ನಾನಿಲ್ವಾ?"