‘ದ್ಯಾನ್’ ಅಲ್ಲ, ‘ಟು’

ಮೊನ್ನೆ ಒಂದು ಕಾರ್ಯಕ್ರಮಕ್ಕೆ ಉಟ್ಟಿದ್ದ ರೇಷ್ಮೆ ಸೀರೆಯನ್ನು ಮಡಿಸಿ ಟ್ರಂಕಿಗೆ ಇಡುವಾಗ ನುಸಿಗುಳಿಗೆಯ ಪೊಟ್ಟಣ ಬಿಚ್ಚಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಬೆನ್ನು ತಾನಾಗಿ ನೆಟ್ಟಗಾಯಿತು. ಐವತ್ತು ದಾಟಿದ ಹೆಂಗಸು ನಾನು. ಆದರೂ ಎರಡೂ ಕೈ ಮಡಿಲಿಗೆ ಬಂದು ಕೂತವು. ನಮ್ಮ ಟ್ಯೂಷನ್ ಟೀಚರ್ ಸೀರೆಯ ವಾಸನೆ ಅದು... ಅವರು ತೀರಿಕೊಂಡು ಇನ್ನೂ ಬಹಳ ದಿನ ಆಗಿಲ್ಲ.

ಚಿಕ್ಕಜಾಜೂರಿನಲ್ಲಿ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿ ಅವರ ಮನೆ. ಸಂಜೆ ಹೊತ್ತು ಜಗಲಿಯ ಮೇಲೆ ನಮಗೆಲ್ಲ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಚೆನ್ನಾಗಿಯೇ ಹೇಳಿಕೊಡುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. ಯಾರ ಮೇಲೂ ಕೈ ಮಾಡಿದವರಲ್ಲ. ಮಾಡಿದ್ದರೆ ಒಳ್ಳೆಯದಿತ್ತು, ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತದೆ. ಅವರು ಉದಾಹರಣೆ ಕೊಡುತ್ತಿದ್ದರು. ವ್ಯಾಕರಣದ ಯಾವ ಪಾಠ ಬಂದರೂ ಎದುರಿಗೆ ಕುಳಿತವರಲ್ಲೇ ಒಬ್ಬರನ್ನು ಆರಿಸಿಕೊಳ್ಳುವರು. ಪೋಲಿಯೊ ಆಗಿ ಕುಂಟುತ್ತಿದ್ದ ಹುಡುಗಿಯನ್ನು ನಿಲ್ಲಿಸಿ ಸ್ಲೋ, ಸ್ಲೋವರ್, ಸ್ಲೋವೆಸ್ಟ್ ಕಲಿಸಿದರು. ಹಿಂದಿನ ತಿಂಗಳಷ್ಟೇ ಅಪ್ಪನನ್ನು ಕಳೆದುಕೊಂಡ ಹುಡುಗನ ಕಡೆ ಬೆರಳು ಮಾಡಿ, "ಹೀ ಹ್ಯಾಡ್ ಎ ಫಾದರ್. ಹ್ಯಾಸ್ ಅಲ್ಲ, ಹ್ಯಾಡ್" ಎಂದರು. ಅವನು ಆ ವಾಕ್ಯವನ್ನು ತಪ್ಪಿಲ್ಲದೆ ಬರೆದುಕೊಂಡ. ಟೀಚರಿಗೆ ಹಿಂದೆ ಹೀಗೆ ಯಾರು ಮಾಡಿದ್ದರೋ, ನಾನು ವಿಚಾರಿಸಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ನನ್ನ ಸರದಿ ಬಂದದ್ದು ಸುಪೀರಿಯರ್, ಇನ್ಫೀರಿಯರ್, ಸೀನಿಯರ್, ಜೂನಿಯರ್ ಪಾಠದ ದಿನ. ಈ ಪದಗಳ ಮುಂದೆ 'ದ್ಯಾನ್' ಬರಕೂಡದು, 'ಟು' ಬರಬೇಕು. ನಾನು 'ದ್ಯಾನ್' ಎಂದು ಬರೆದಿದ್ದೆ.

"ಇನ್ಫೀರಿಯರ್ ಅಂದ್ರೆ ಕಳಪೆ, ಕೀಳು, ಕೆಳದರ್ಜೆ" ಎಂದರು ಟೀಚರ್. "ಭೀಮಸಮುದ್ರದ ಅಡಿಕೆಗೂ ಹೇಳಬಹುದು, ಮನುಷ್ಯರಿಗೂ ಹೇಳಬಹುದು." ಹೇಳಿ, ನನ್ನನ್ನೇ ನೋಡಿದರು.

ಅಷ್ಟರಲ್ಲಿ ಅಪ್ಪ ಬಂದ. ನನ್ನ ಗ್ರಹಚಾರ.

ಅಪ್ಪ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಗಾಡಿಗೆ ಹಳಿ ಬದಲಿಸಿಕೊಡುವ ಕೆಲಸ. ಇಂಗ್ಲಿಷ್ ಓದಲು ಬಾರದು, ಆದರೆ ಕಿವಿಗೆ ಬಿದ್ದ ಇಂಗ್ಲಿಷ್ ಪದವೆಂದರೆ ಪ್ರಾಣ. ಡ್ಯೂಟಿ ಮುಗಿಸಿ ಬಂದವನು ಮನೆ ಬಾಗಿಲಲ್ಲಿ ನಿಂತು, "ಲೈನ್ ಕ್ಲಿಯರಾ?" ಎಂದು ಕೂಗುವನು. ಮುಂದಿನ ಸ್ಟೇಷನ್ ಒಪ್ಪಿಗೆ ಕೊಡದೆ ಗಾಡಿ ಹೊರಡುವುದಿಲ್ಲವಲ್ಲ, ಹಾಗೆ. ಒಳಗಿನಿಂದ ಅಮ್ಮ "ಕ್ಲಿಯರು, ಬಾರಪ್ಪ" ಎಂದ ಮೇಲೆಯೇ ಹೊಸ್ತಿಲು ದಾಟುವನು. ಅವನ ಲೋಕದಲ್ಲಿ 'ಯರ್' ಎಂದು ಮುಗಿಯುವವರೆಲ್ಲ ಅವನಿಗಿಂತ ಮೇಲಿನವರು: ಎಂಜಿನಿಯರ್, ಸೀನಿಯರ್, ಕ್ಯಾಷಿಯರ್.

"ನಮ್ಮ ಹುಡುಗಿ ಹೆಂಗೆ ಓದ್ತಾಳ್ರೀ ಟೀಚರ್ರೇ?" ಎಂದು ಕೇಳಿದ.

ಟೀಚರ್ ಸೆರಗು ಸರಿ ಮಾಡಿಕೊಂಡರು. "ಷೀ ಈಸ್ ಇನ್ಫೀರಿಯರ್ ಟು ದ ಹೋಲ್ ಕ್ಲಾಸ್" ಎಂದರು.

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಅಪ್ಪನೂ ನಕ್ಕ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. "ಇಡೀ ಕ್ಲಾಸಿಗಾ? ಇನ್ನೊಂದ್ಸಲ ಹೇಳ್ರಿ" ಎಂದ. ಟೀಚರ್ ಹೇಳಿದರು. ಅವನಿಂದಲೂ ಹೇಳಿಸಿದರು. ತಡವರಿಸಿದಾಗ ತಿದ್ದಿದರು. ಅವನ ಬಾಯಲ್ಲಿ ವಾಕ್ಯ ಸರಿಯಾಗಿ ಕೂರುವ ತನಕ ಬಿಡಲಿಲ್ಲ. ಅಷ್ಟು ತಾಳ್ಮೆಯಿಂದ ಅವರು ಪಾಠ ಹೇಳಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮನೆಗೆ ಬರುವಾಗ ಅಪ್ಪ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡ. "ಅಪ್ಪ, ಅದನ್ನ ಯಾರಿಗೂ ಹೇಳ್ಬ್ಯಾಡ" ಎಂದೆ. "ಯಾಕವ್ವ? ನಾಚ್ಕೆನಾ?" ಎಂದು ತಲೆ ಸವರಿದ. ಅಮ್ಮನಿಗೆ ಅರ್ಥ ಹೇಳಿದೆ. ಅವಳು, "ನಾನಂತೂ ಹೇಳಲ್ಲ. ನೀನೂ ಹೇಳ್ಬ್ಯಾಡ. ಎಷ್ಟು ಖುಷಿಯಾಗ್ಯಾನೆ ನೋಡು" ಎಂದಳು.

ಅಪ್ಪ ಊರೆಲ್ಲ ಸಾರಿಕೊಂಡು ಬಂದ. ಸ್ಟೇಷನ್ನಿನಲ್ಲಿ ಅರ್ಥ ಗೊತ್ತಿದ್ದವರು ಇರಲಿಲ್ಲವೇ? ಇದ್ದರು. ಟೀ ಹೊತ್ತಿಗೆ ಕರೆದು, "ಏನಪ್ಪ, ನಿನ್ನ ಮಗಳು ಏನಂತೆ?" ಎಂದು ಕೇಳುವರು. ಅವನು ಎದೆಯುಬ್ಬಿಸಿ ಪೂರಾ ವಾಕ್ಯ ಹೇಳುವನು. ಅವರು ಹೊಟ್ಟೆ ತುಂಬ ನಕ್ಕು ಟೀ ಕುಡಿಸಿ ಕಳಿಸುವರು. ಇದು ಒಂದೆರಡು ದಿನದ ಆಟವಾಗಿರಲಿಲ್ಲ. ನಾನು ಅಂತೂ ಇಂತೂ ಪಾಸಾಗಿ ಟ್ಯೂಷನ್ ಬಿಟ್ಟ ಮೇಲೂ ಟೀಚರ್ ದಾರಿಯಲ್ಲಿ ಸಿಕ್ಕರೆ, "ಏನ್ರೀ, ಮಗಳು ಈಗ್ಲೂ ಹಂಗೇ ಇದಾಳಾ?" ಎನ್ನುವರು. "ಹಂಗೇ ರೀ ಟೀಚರ್ರೇ, ಇನ್ನೂ ಒಂದು ಕೈ ಜಾಸ್ತಿನೇ" ಎನ್ನುವನು ಇವನು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ.

ಮುಂದೆ ಹೊಸದುರ್ಗದ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹುಡುಗನ ಮಾವ ಚಿತ್ರದುರ್ಗದಲ್ಲಿ ಲೆಕ್ಚರರ್. ಉಪ್ಪಿಟ್ಟು ತಿನ್ನುತ್ತ ಅವರು, "ಹುಡುಗಿ ಓದಿನಾಗೆ ಹೆಂಗೆ?" ಎಂದು ಕೇಳಿದರು. ಅಪ್ಪ ಇದಕ್ಕೇ ಕಾದಿದ್ದವನ ಹಾಗೆ ಅಂಗಿ ಎಳೆದುಕೊಂಡು ಎದ್ದು ನಿಂತ. ನಾನು ಕಾಫಿ ಹಿಡಿದು ಅಡುಗೆಮನೆ ಬಾಗಿಲಲ್ಲಿದ್ದೆ. ತಡೆಯಲು ಆಗಲಿಲ್ಲ.

"ಷೀ ಈಸ್ ಇನ್ಫೀರಿಯರ್ ಟು ದ ಹೋಲ್ ಕ್ಲಾಸ್ ರೀ. ಟೀಚರ್ರೇ ಹೇಳ್ಯಾರೆ."

ಹುಡುಗನಿಗೆ ಉಪ್ಪಿಟ್ಟು ನೆತ್ತಿಗೇರಿತು. ಕೆಮ್ಮಿದನೋ ನಕ್ಕನೋ, ಎರಡೂ ಒಟ್ಟಿಗೆ ಇರಬೇಕು. ಲೆಕ್ಚರರ್ ಮಾವ ಬಾಯಿ ಒರೆಸಿಕೊಂಡು, "ಏನ್ರೀ ಯಜಮಾನ್ರೇ, ಇಡೀ ಕ್ಲಾಸಿಗೇ ಕಳಪೆ ಅಂತಿದೀರಲ್ಲ. ನಿಮ್ಮ ಮಾಲನ್ನ ನೀವೇ ಹಿಂಗೆ ಅಂದ್ರೆ ನಾವು ತಗಂಡು ಏನು ಮಾಡಾಣ?" ಎಂದರು. ಬಂದವರೆಲ್ಲ ನಕ್ಕರು. ಅಪ್ಪ ನನ್ನ ಕಡೆ ತಿರುಗಿ, "ಹೌದೇನವ್ವ?" ಎಂದ. ನಾನು ಹೌದೆಂದು ತಲೆ ಆಡಿಸಿದೆ. ಆ ಸಂಬಂಧ ಮುರಿಯಿತು. ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಹುಡುಗ ನಗುವಾಗ ಕುದುರೆಯ ಹಾಗಿದ್ದ.

ಮಾರನೆಯ ಸಂಜೆ ಅಪ್ಪ ಟೀಚರ್ ಮನೆಗೆ ಹೊರಟ. ಏನು ಮಾಡಿಕೊಂಡಾನೋ ಎಂದು ನಾನೂ ಹಿಂದೆ ಹೋದೆ. ಟ್ಯೂಷನ್ ನಡೆಯುತ್ತಿತ್ತು. ಅಪ್ಪ ಜಗಲಿ ಹತ್ತಲಿಲ್ಲ, ಕೆಳಗೇ ನಿಂತ.

"ಇಷ್ಟು ದಿನ ನನ್ನ ಬಾಯಾಗೆ ಆ ಮಾತು ಕೇಳಿಸ್ಕಂಡ್ರಲ್ಲ ಟೀಚರ್ರೇ. ಇದರರ್ಥ ಹಿಂಗಪ್ಪ ಅಂತ ಒಂದು ಮಾತು ಹೇಳ್ಬೋದಿತ್ತು."

"ನೀವು ಅಷ್ಟು ಖುಷಿಯಾಗಿ ಹೇಳ್ಕಂತಿದ್ರಿ. ನಾನ್ಯಾಕೆ ಕೆಡಿಸ್ಲಿ?" ಎಂದರು ಟೀಚರ್. ನಮ್ಮ ಕಡೆ ಪೂರ್ತಿ ತಿರುಗಲೂ ಇಲ್ಲ. ಆಮೇಲೆ ಮಕ್ಕಳಿಗೂ ಕೇಳಿಸುವ ಹಾಗೆ, "ಆದ್ರೆ ಒಂದು ಮೆಚ್ಚಬೇಕು ಕಣ್ರಿ. ನೀವು ಒಂದ್ಸಲಾನೂ 'ಟು' ತಪ್ಪಲಿಲ್ಲ. ನಿಮ್ಮ ಮಗಳು ಕೊನೆವರೆಗೂ 'ದ್ಯಾನ್' ಅಂತಲೇ ಬರೆದ್ಲು" ಎಂದರು.

ಜಗಲಿಯ ತುಂಬ ನಗು. ಅಪ್ಪ ಕೈ ಮುಗಿದ. ಯಾಕೆ ಮುಗಿದನೋ... ಇವತ್ತಿಗೂ ನನಗೆ ಆ ಕೈ ಮುಗಿದದ್ದನ್ನು ಸಹಿಸಲು ಆಗುವುದಿಲ್ಲ.

ಅಂದಿನಿಂದ ಅಪ್ಪ ಮನೆಯಲ್ಲಿ ಇಂಗ್ಲಿಷ್ ಪದ ಎತ್ತಲಿಲ್ಲ. ಅವನ ಬಾಯಲ್ಲಿ 'ಡ್ಯೂಟಿ' ಹೋಗಿ 'ಕೆಲಸ'ವಾಯಿತು. ಬಾಗಿಲಿಗೆ ಬಂದರೆ ಕೂಗುತ್ತಿರಲಿಲ್ಲ, ಯಾರಾದರೂ ನೋಡಿ ಒಳಗೆ ಕರೆಯುವ ತನಕ ಸುಮ್ಮನೆ ನಿಂತಿರುತ್ತಿದ್ದ. ಎಷ್ಟೋ ಸಲ ನಾವು ನೋಡುತ್ತಲೇ ಇರಲಿಲ್ಲ. ರಿಟೈರ್ ಆಗಿ, ಕಾಯಿಲೆ ಬಿದ್ದು, ಹಾಗೆಯೇ ಮಾತು ಕಡಿಮೆ ಮಾಡಿಕೊಂಡು ಹೋಗಿಬಿಟ್ಟ.

ಟೀಚರ್ ತೀರಿಕೊಂಡಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಅದಕ್ಕಾಗಿ ಓಡಾಡುತ್ತಿದ್ದ ಹುಡುಗನೊಬ್ಬ ಬ್ಯಾನರಿನ ಮಾದರಿಯನ್ನು ಹೊಳಲ್ಕೆರೆಯಲ್ಲಿದ್ದ ನನಗೆ ವಾಟ್ಸಾಪಿನಲ್ಲಿ ಕಳಿಸಿ, "ಅಕ್ಕಾ, ನೀವು ಅವರ ಕೈಯಾಗೆ ಕಲಿತೋರು. ತಪ್ಪಿದ್ರೆ ಹೇಳ್ರಿ, ಪ್ರಿಂಟಿಗೆ ಕೊಡ್ತೀನಿ" ಎಂದ. ಟೀಚರ್ ಫೋಟೊದ ಕೆಳಗೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ: 'ಎ ಟೀಚರ್ ಇನ್ಫೀರಿಯರ್ ದ್ಯಾನ್ ನನ್'. ಯಾರಿಗೂ ಕಡಿಮೆಯಿಲ್ಲದ ಟೀಚರ್ ಎಂದು ಹೇಳಹೊರಟಿದ್ದ, ಪಾಪ.

ಎರಡು ಸಲ ಓದಿದೆ. ಒಂದು ಮಾತು ಹೇಳಬಹುದಿತ್ತು. "ಚೆನ್ನಾಗೈತೆ, ಕೊಡಪ್ಪ" ಎಂದು ಬರೆದೆ.

ಸಭೆಗೆ ಇದ್ದುದರಲ್ಲೇ ಒಳ್ಳೆಯದಾದ ಈ ರೇಷ್ಮೆ ಸೀರೆ ಉಟ್ಟು ಹೋದೆ, ಮುಂದಿನ ಸಾಲಿನಲ್ಲಿ ಕುಳಿತೆ. ವೇದಿಕೆಯ ಉದ್ದಕ್ಕೂ ಬ್ಯಾನರ್. ಬಂದವರೆಲ್ಲ ಅದರ ಮುಂದೆ ಹೂ ಹಾಕಿದರು, ಅತ್ತರು, ಅವರ ವ್ಯಾಕರಣ ಹೊಗಳಿದರು. ಒಬ್ಬರಿಗೂ ಆ 'ದ್ಯಾನ್' ಕಣ್ಣಿಗೆ ಬೀಳಲಿಲ್ಲ. ಬಿದ್ದು ಸಿಟ್ಟಿನಿಂದ ಎದ್ದುಬರಬಲ್ಲವರು ಒಬ್ಬರೇ ಇದ್ದರು, ಅವರು ಫೋಟೊದಲ್ಲಿ ಹಾರ ಹಾಕಿಸಿಕೊಂಡು ಕುಳಿತಿದ್ದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಸೀರೆಯ ಮಡಿಕೆಗಳ ನಡುವೆ ಗುಳಿಗೆ ಇಟ್ಟು ಟ್ರಂಕು ಮುಚ್ಚುವಾಗ, ಇದನ್ನೆಲ್ಲ ಅಪ್ಪನಿಗೆ ಹೇಳಿ ನಗಬೇಕು ಅನ್ನಿಸಿತು. ಆ ವಾಕ್ಯದಲ್ಲಿ ಒಂದು ದಿನವೂ 'ಟು' ತಪ್ಪದವನು ಅವನೊಬ್ಬನೇ, ಅವನಿಗೇ ಇದರ ರುಚಿ ಗೊತ್ತಾಗುವುದು. ಅವನು ಇಲ್ಲ. ಇದ್ದಿದ್ದರೂ ಹೇಳಲು ಆಗುತ್ತಿರಲಿಲ್ಲ... ಆ ಮಾತನ್ನು ಅವನ ಮುಂದೆ ಮತ್ತೆ ಎತ್ತುವುದಾದರೂ ಹೇಗೆ?