ಬೆನ್ನ ಹಿಂದಿನ ಕುರ್ಚಿ

ಮೊನ್ನೆ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಹತ್ತಿ ಕುಳಿತಾಗ ಪಕ್ಕದ ಹೆಂಗಸಿನ ಚೀಲದಿಂದ ಗುರೆಳ್ಳು ಚಟ್ನಿಪುಡಿಯ ವಾಸನೆ ಬಂತು. ನನ್ನ ಅಂಗೈ ಬೆವೆತುಹೋಯಿತು. ಚಟ್ನಿಯ ವಾಸನೆಗೆ ಬೆವರುವವರು ಬೇರೆ ಯಾರೂ ಇರಲಿಕ್ಕಿಲ್ಲ...

ಆ ವಾಸನೆ ನನ್ನ ಹಳೆಯ ಕಂಪನಿಯ ಸಾಫ್ಟ್‌ವೇರ್ ಪರೀಕ್ಷಾ ವಿಭಾಗದ ಮುಖ್ಯಸ್ಥರ ಡಬ್ಬಿಯದು. ಎಲ್ಲರೂ ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿನ ಗಾಜಿನ ಕಟ್ಟಡಗಳತ್ತ ಓಡುತ್ತಿದ್ದ ಕಾಲ. ನನಗೆ ಸಿಕ್ಕಿದ್ದು ನಾಚಾರಂನ ತಗಡಿನ ಶೆಡ್ಡುಗಳ ನಡುವಿನ ಸಣ್ಣ ಕಂಪನಿ; ಉಪಗ್ರಹ ಹೊತ್ತೊಯ್ಯುವ ರಾಕೆಟ್ಟಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಮುಖ್ಯಸ್ಥರು ರಾಯಚೂರಿನ ಕಡೆಯವರು, ಮನೆ ಮಲ್ಕಾಜ್‌ಗಿರಿಯಲ್ಲಿ. ನಾನು ಮೈಸೂರಿನವಳೆಂದು ತಿಳಿದ ದಿನವೇ, "ಮೈಸೂರ ತಂಗಿ, ನಿಮ್ಮ ಸಾರು ಕುಡದ್ರ ರಾಕೆಟ್ ಏರಂಗಿಲ್ಲ, ರೊಟ್ಟಿ ತಿನ್ನು" ಎಂದು ಡಬ್ಬಿಯನ್ನು ಮುಂದೆ ತಳ್ಳಿದ್ದರು.

ಅವರದೊಂದು ಪದ್ಧತಿಯಿತ್ತು. ರಾಕೆಟ್ಟು ವಾಲಿದರೆ ಎತ್ತ ತಿರುಗಿ ನೆಟ್ಟಗಾಗಬೇಕೆಂದು ಹೇಳುವ ಅಂಕಿಗಳನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಒಬ್ಬರದು ರಾಕೆಟ್ಟಿಗೆ, ಇನ್ನೊಬ್ಬರದು ಅದನ್ನು ಪರೀಕ್ಷಿಸುವ ಕಂಪ್ಯೂಟರಿಗೆ. ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವಂತಿಲ್ಲ. ಕೊನೆಗೆ ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವುದು. ನನ್ನ ಹಿಂದಿನ ಕುರ್ಚಿ ಅವರದು.

ಒಮ್ಮೆ ಅವಸರವಿತ್ತು. ಎರಡನೆಯ ಲೆಕ್ಕ ಬೇಡ, ಅದೇ ಅಂಕಿಗಳನ್ನು ಪರೀಕ್ಷೆಗೂ ನಕಲು ಮಾಡಿ ಎಂದು ಮೇಲಿನವರು ಹೇಳಿದರು. ನಮ್ಮ ಮುಖ್ಯಸ್ಥರು ಒಪ್ಪದಿದ್ದಾಗ ಒಪ್ಪಿಗೆಯ ಸಹಿಯನ್ನೂ ಮೇಲಿನವರೇ ಹಾಕಿಕೊಂಡರು. ಪರೀಕ್ಷೆಗಳೆಲ್ಲ ಪಾಸಾದವು. ಆಗದೇ ಏನು? ಒಂದು ಸಾಲಿನಲ್ಲಿ ಪ್ಲಸ್ ಇರಬೇಕಾದಲ್ಲಿ ಮೈನಸ್ ಇತ್ತು. ಎರಡೂ ಕಡೆ ಅದೇ ಮೈನಸ್.

ಉಡಾವಣೆ ನೋಡಲು ಕಡಲತೀರಕ್ಕೆ ಹೋದವರಲ್ಲಿ ಮುಖ್ಯಸ್ಥರೂ ನಾನೂ ಇದ್ದೆವು. ದೂರದ ಕಟ್ಟಡವೊಂದರ ತಾರಸಿಯ ಮೇಲೆ ನಿಂತಿದ್ದೆವು. ರಾಕೆಟ್ಟು ಏರಿತು, ತುಸು ವಾಲಿತು, ನೆಟ್ಟಗಾಗುವ ಬದಲು ಇನ್ನಷ್ಟು ವಾಲಿತು. ಮೂತಿ ನಮ್ಮ ಕಡೆಗೆ. ಸುರಕ್ಷತೆಯವರು ಗುಂಡಿ ಒತ್ತಿ ಅದನ್ನು ಆಕಾಶದಲ್ಲೇ ಒಡೆದರು. ಸದ್ದು ಆಮೇಲೆ ಬಂತು. ಉರಿಯುವ ಚೂರುಗಳು ಸಮುದ್ರಕ್ಕೆ ಬೀಳುವವರೆಗೂ ಮುಖ್ಯಸ್ಥರ ಕೈ ನನ್ನ ತಲೆಯನ್ನು ಗೋಡೆಯ ಮರೆಗೆ ಅದುಮಿ ಹಿಡಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮೂತಿ ನನ್ನ ಕಣ್ಣೊಳಗೆ ಈಗಲೂ ತಿರುಗುತ್ತಲೇ ಇದೆ...

ವಿಚಾರಣೆಯಲ್ಲಿ ಕೇಳಿದ್ದು ಒಂದೇ: ಆ ಸಾಲು ಬರೆದವರು ಯಾರು?

"ಬರ್ದವರು ಯಾರಂತ ಯಾಕ ಕೇಳ್ತೀರಿ?" ಎಂದರು ನಮ್ಮ ಮುಖ್ಯಸ್ಥರು. "ತಾಳೆ ನೋಡಬ್ಯಾಡ ಅಂದವರು ಯಾರಂತ ಕೇಳ್ರಿ."

ಮುಂದಿನ ರಾಕೆಟ್ಟಿಗೂ ಅದೇ ಅವಸರ. ವಿಚಾರಣೆಯಾದ ಮೇಲೆ ಈ ಸಲ ಅವರ ಸಹಿಯಿಲ್ಲದೆ ಉಡಾವಣೆ ಆಗುವಂತಿರಲಿಲ್ಲ. ಉಡಾವಣೆ ತಡವಾದರೆ ನಿಮ್ಮ ಕೆಲಸ ಉಳಿಯುವುದಿಲ್ಲ ಎಂದು ನಿರ್ದೇಶಕರು ನಮ್ಮೆಲ್ಲರ ಮುಂದೆಯೇ ಹೇಳಿದರು. "ಹೋಗ್ಲಿ ಬಿಡ್ರಿ," ಎಂದರು ಮುಖ್ಯಸ್ಥರು. "ಬೆನ್ನಿಗೆ ಬೆನ್ನು ಕುಂದರದ ನಾ ಸಹಿ ಹಾಕಂಗಿಲ್ಲ."

ಕುಳಿತೆವು. ಉಡಾವಣೆ ಮುಂದಕ್ಕೆ ಹೋಯಿತು. ಗಂಟಲು ಒಣಗುವವರೆಗೆ ಓದಿ ತಾಳೆ ನೋಡಿದೆವು. ಒಂದೇ ಒಂದು ತಪ್ಪು ಸಿಕ್ಕಿದ್ದರೂ ಅವರ ಕೆಲಸ ಉಳಿಯುತ್ತಿತ್ತೇನೋ. ಸಿಗಲಿಲ್ಲ. ಅವರು ಸಹಿ ಹಾಕಿದರು. ಅವರನ್ನು ಕೆಲಸದಿಂದ ತೆಗೆದರು.

ಆ ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದನ್ನು ನಾಚಾರಂನ ಶೆಡ್ಡಿನಲ್ಲಿ ಟಿವಿಯಲ್ಲಿ ನೋಡಿದೆವು. ಚಪ್ಪಾಳೆ ತಟ್ಟುತ್ತಲೇ ಹಿಂದಕ್ಕೆ ತಿರುಗಿದೆ. ಕುರ್ಚಿ ಖಾಲಿಯಿತ್ತು. ಹೊರಗೆ ಬಂದು ಅವರಿಗೆ ಫೋನ್ ಮಾಡಿದೆ.

"ಸರ್, ಅಷ್ಟು ಹುಡುಕಿದರೂ ಏನೂ ಸಿಗಲಿಲ್ಲವಲ್ಲ..."

"ಸಿಗಲಿಲ್ಲಂದ್ರ ಛಲೋ ಆತಲ್ಲ, ತಂಗಿ. ಸಿಗಲಿ ಅಂತ ಹುಡುಕ್ತಾರೇನು? ಊಟ ಆತೇನು?"

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತೀರಾ ತಡವಾಗಿ. ಈಗ ನಾನು ಬೇರೆ ಕಡೆ, ಬ್ಯಾಂಕುಗಳ ಸಾಫ್ಟ್‌ವೇರಿನ ಕೆಲಸದಲ್ಲಿದ್ದೇನೆ. ಎಲ್ಲ ಸರಿಯಿದೆ ಎಂದು ಪರದೆ ಹಸಿರಾಗಿ ಹೇಳಿದಾಗಲೆಲ್ಲ ಬೇರೆ ಯಾರಾದರೂ ಒಮ್ಮೆ ಲೆಕ್ಕ ಹಾಕಲಿ ಅನ್ನಿಸುತ್ತದೆ. ಎರಡನೆಯ ಲೆಕ್ಕ ಬೇಕೆಂದು ಕೇಳಿ ಕೇಳಿ ದಣಿದಿದ್ದೇನೆ.

ಆ ಹೆಂಗಸು ಇಳಿದುಹೋದಳು. ವಾಸನೆ ಕೊಂಚ ಹೊತ್ತು ಉಳಿದಿತ್ತು. ಮೆಟ್ರೊದ ಕಿಟಕಿಯ ಗಾಜು ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ.