ಪರದೆಯ ಮೇಲಿನ ದನಿ

ನಾವು ಮೂವರಿದ್ದೆವು. ಹಾಡುವವನು ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಢೋಲಕಿ ಬಾರಿಸುವವನು ಅದೇ ಊರಿನ ಟೇಲರ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಬೆಳಗಾವಿಯಲ್ಲಿ ಶಾಲಾ ಮಾಸ್ತರ. ಶನಿವಾರ ಶಾಲೆ ಬಿಟ್ಟ ಕೂಡಲೇ ಗಿಟಾರ್ ಹೊತ್ತುಕೊಂಡು ಖಾನಾಪುರದ ಬಸ್ಸು ಹತ್ತುತ್ತಿದ್ದೆ. ಹಾಡು ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಅವು ಒಳ್ಳೆಯ ಹಾಡುಗಳಾಗಿದ್ದವೇ ಎಂದು ಈಗ ಹೇಳಲಾರೆ. ಕಾಗದದ ಮೇಲೆ ಓದಿದರೆ ನಾಚಿಕೆಯಾಗುತ್ತದೆ. ಅವನು ಹಾಡಿದಾಗ ಆಗುತ್ತಿರಲಿಲ್ಲ ಎಂದು ನೆನಪು, ಆದರೆ ಆ ನೆನಪಿಗೆ ಸಾಕ್ಷಿ ಇಲ್ಲ.

ಸಿನಿಮಾ ಹಾಡು ಬೇಡ ಎಂಬುದು ನಮ್ಮ ಹಟ. ಮದುವೆಗೆ ಕರೆಸಿದವರು ಸಿನಿಮಾ ಹಾಡನ್ನೇ ಕೇಳುತ್ತಿದ್ದರು. "ನಿಮ್ಮ ಹಾಡು ಊಟ ಆದಮ್ಯಾಲ ಹಾಡ್ರೆಲ್ಲಾ, ಯಾರ್ ಬ್ಯಾಡ ಅಂತಾರ?" ಎಂದು ಒಬ್ಬ ಯಜಮಾನರು ಹೇಳಿದ್ದರು. ಊಟವಾದ ಮೇಲೆ ಚಪ್ಪರದಲ್ಲಿ ಉಳಿದಿದ್ದವರು ಎಲೆ ಎತ್ತುವವರು. ಅವರ ಮುಂದೆಯೇ ಹಾಡಿದೆವು.

ಟೇಲರನ ಹತ್ತಿರ ಗೋವೆಯಿಂದ ಬಂದ ಒಂದು ಸ್ಪೂಲ್ ರೆಕಾರ್ಡರ್ ಇತ್ತು. ಎರಡು ತಟ್ಟೆಗಳ ಮೇಲೆ ಕಂದು ಪಟ್ಟಿ ತಿರುಗುವ, ಎತ್ತಲು ಇಬ್ಬರು ಬೇಕಾಗುವ ಯಂತ್ರ. ಪಟ್ಟಿಯ ಸುರುಳಿ ಸುಲಭಕ್ಕೆ ಸಿಗುತ್ತಿರಲಿಲ್ಲವಾಗಿ ಹೊಸ ಹಾಡನ್ನು ಹಳೆಯದರ ಮೇಲೆಯೇ ತುಂಬುತ್ತಿದ್ದೆವು. ಅಳಿಸುತ್ತಿದ್ದೇವೆ ಎಂದು ಯಾರಿಗೂ ಅನಿಸಲಿಲ್ಲ. ಹಾಡು ಹಾಡುವವನ ಗಂಟಲಲ್ಲಿ ಇತ್ತಲ್ಲ, ಕೇಳಬೇಕೆಂದಾಗ ಕೇಳಬಹುದಿತ್ತು. ಒಮ್ಮೆ ಮಾತ್ರ ಒಂದು ಸುರುಳಿಯನ್ನು ಅಳಿಸದೆ ಕ್ಯಾಸೆಟ್ ಮಾರುವ ಒಬ್ಬನಿಗೆ ಕೊಟ್ಟೆವು. ಅದು ತಿರುಗಿ ಬರಲಿಲ್ಲ. ವರ್ಷ ಕಳೆದ ಮೇಲೆ ನಮ್ಮ ಹಾಡು ಬೇರೆ ಯಾರದೋ ಬಾಯಲ್ಲಿ, ಬೇರೆ ಯಾರದೋ ಚಿತ್ರ ಹೊತ್ತ ಕ್ಯಾಸೆಟ್ಟಿನಲ್ಲಿ ಬಂತು. ಇನ್ನು ಯಾರ ಕೈಗೂ ಟೇಪು ಕೊಡುವುದಿಲ್ಲ ಎಂದು ಹಾಡುವವನು ಅಂದೇ ನಿರ್ಧರಿಸಿದ.

ಟೇಪಿನಲ್ಲಿ ತನ್ನ ದನಿ ಕೇಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಪಟ್ಟಿ ತಿರುಗುವಾಗ ಹಿಂದೆ ಸದಾ ಒಂದು ಶ್ಶ್ ಎನ್ನುವ ಸದ್ದು. "ಮಳಿ ಹಿಂದಿರಬೇಕು, ಹಾಡವ ಮುಂದಿರಬೇಕು," ಎನ್ನುತ್ತಿದ್ದ. "ಇದರಾಗ ಮಳಿನ ಹಾಡತೈತಿ, ನಾ ಅಂಗಳದಾಗ ತೊಯ್ಸಕೊಂತ ನಿಂತೇನಿ."

"ನಿನಗ ನೆಗಡಿ ಬಂದಿರತೈತಿ, ಮಷೀನಿಗೆ ಯಾಕ ಬೈತಿ?" ಎಂದು ಟೇಲರ ಕಾಡಿಸುತ್ತಿದ್ದ.

ನೆಗಡಿಯಾಗಿರಲಿಲ್ಲ. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಮುಗಿದರೂ ಅವನ ದನಿ ಒರಟಾಗಿಯೇ ಉಳಿಯಿತು. ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಲಿನ ಒಳಗಿನದನ್ನು ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಲ್ಲಿಯವರೆಗೆ ಗಂಟಲಿಗೆ ದಣಿವು ಬೇಡ ಎಂದೂ ಹೇಳಿದರು. ರೈಲಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದ. ಹೆಂಡತಿ ಆಗ ಬಸುರಿ, ಮೊದಲನೆಯದು, ಬೀಡಿ ಎಂಬ ಊರಿನ ತವರಿಗೆ ಹೋಗಿದ್ದಳು.

ಗುಂಜಿ ದಾಟಿದ ಮೇಲೆ ಮಾತಾಡಿದ ಎಂದು ಮೊದಲು ಬರೆದು ಹೊಡೆದುಹಾಕಿದೆ. ಗುಂಜಿ ಖಾನಾಪುರದ ಆಚೆ ಬರುತ್ತದೆ, ಮಿರಜಿನಿಂದ ಖಾನಾಪುರಕ್ಕೆ ಬರುವವರು ಅದನ್ನು ದಾಟುವುದೇ ಇಲ್ಲ. ಎಲ್ಲೋ ಒಂದು ಕಡೆ ಮಾತಾಡಿದ. "ನಮ್ಮ ಕೂಸು ನನ್ನ ದನಿ ಕೇಳಬೇಕೋ ಬ್ಯಾಡೋ, ಮಾಸ್ತರ?"

"ಕೇಳಬೇಕು," ಎಂದೆ.

"ಹಂಗಾರ ಚಲೋ ಹಂಗ ಕೇಳಬೇಕು. ಆ ಮಳ್ಯಾಗ ಅಲ್ಲ."

ಚಲೋ ಹಂಗ ಕೇಳಿಸುವ ದಾರಿ ತಾನಾಗಿಯೇ ಬಂತು. ಬೆಳಗಾವಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಧ್ವನಿಮುದ್ರಣದ ಕೆಲಸ ಹಿಡಿದಿದ್ದ ಒಬ್ಬರು ಯಾರಿಗೋ ಹಳ್ಳಿಯ ಹಾಡು ತುಂಬಿಕೊಡಲು ಹತ್ತಿರದ ಕಣಕುಂಬಿಗೆ ಬಂದಿದ್ದರು. ಟೇಲರನಿಗೆ ದೂರದ ಪರಿಚಯ. ಅವರ ಬಳಿ ಎರಡು ಪೆಟ್ಟಿಗೆಗಳು. ಒಂದು ವಿಡಿಯೋ ಕ್ಯಾಸೆಟ್ ತಿರುಗಿಸುವುದು, ಇನ್ನೊಂದು ದನಿಯನ್ನು ಅಂಕಿ ಮಾಡುವುದು. ಆ ಅಂಕಿಗಳನ್ನು ಚಿತ್ರದಂತೆ ವಿಡಿಯೋ ಪಟ್ಟಿಯ ಮೇಲೆ ಬರೆದಿಡುತ್ತದೆ, ಕೇಳಬೇಕಾದರೆ ಮತ್ತೆ ಅದೇ ಪೆಟ್ಟಿಗೆ ಅಂಕಿಗಳನ್ನು ಓದಿ ದನಿ ಮಾಡಬೇಕು ಎಂದು ಅವರು ವಿವರಿಸಿದರು.

"ಶ್ಶ್ ಅನ್ನತೈತೇನ್ರೀ?" ಎಂದು ಕೇಳಿದ ಅವನು.

"ಇಲ್ರೀ. ಏನೂ ಇಲ್ಲ ಅಂದ್ರ ಏನೂ ಇಲ್ಲ. ನೀವು ಸುಮ್ಮನಿದ್ರ ಅದೂ ಸುಮ್ಮನಿರತೈತಿ."

ಸಂತೆಯಿಲ್ಲದ ದಿನ, ಟೇಲರನ ಅಂಗಡಿಯ ಹಿಂದಿನ ಬಟ್ಟೆಯ ಕೋಣೆಯಲ್ಲಿ ಕುಳಿತೆವು. ಗೋಡೆಗೆ ತಾಕಿ ಬಟ್ಟೆಯ ಗಂಟುಗಳು, ನಡುವೆ ಅಷ್ಟಿಷ್ಟು ಜಾಗ. ಕೋಣೆಯಲ್ಲಿ ಪ್ರತಿಧ್ವನಿ ಎಂಬುದೇ ಇರಲಿಲ್ಲ. ಹೊಸ ಯಂತ್ರದ ಪಕ್ಕದಲ್ಲಿ ನಮ್ಮ ಸ್ಪೂಲನ್ನೂ ಇಟ್ಟಿದ್ದೆವು. ಒಂದು ಹಾಡು ಆಯಿತು. ಮುಂಬಯಿಯವರು ಕಿವಿಗೆ ಹಾಕುವ ಹೆಡ್‌ಫೋನನ್ನು ಅವನಿಗೆ ಕೊಟ್ಟರು. ಅವನು ಕೇಳಿದ. ಕೇಳುತ್ತ ಹುಬ್ಬು ಗಂಟಿಕ್ಕಿದ.

"ಏನೋ ಗುರ್ ಅನ್ನಾಕತ್ತೈತಿ."

ಅವರೂ ಕಿವಿಗಿಟ್ಟು ನೋಡಿದರು. "ನಿಮ್ಮ ಹಳೀ ಮಷೀನಿನ ಮೋಟಾರು. ಇದರಾಗ ಎಲ್ಲಾ ಬೀಳತೈತ್ರೀ, ಗ್ವಾಡಿ ಮ್ಯಾಲಿನ ಹಲ್ಲಿ ಸುದ್ದಾ."

"ಅದನ್ನ ಬಂದ್ ಮಾಡಲೇ," ಎಂದ ಅವನು ಟೇಲರನಿಗೆ.

"ಇರಲಿ ಬಿಡೋ. ಒಂದು ಹೋದ್ರ ಒಂದು ಇರತೈತಿ."

"ಹನ್ನೆರಡು ವರ್ಷ ಅದನ್ನ ಕೇಳೇನಿ. ಇವತ್ತೊಂದಿನ ನನ್ನಷ್ಟ ಕೇಳಬೇಕು ನಾ."

ಟೇಲರ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಯಾರ ಗಂಟಲು, ಯಾರು ಬೇಡ ಎನ್ನುವುದು? ಟೇಲರ ತಂತಿ ಕಿತ್ತ. ಹಾಡುಗಳನ್ನು ಮೊದಲಿನಿಂದ ಶುರು ಮಾಡಿದೆವು.

ಊಟದ ಹೊತ್ತು ಮೀರಿ ಎಲ್ಲ ಮುಗಿಯಿತು. ಅವನು ಹೆಡ್‌ಫೋನು ಹಾಕಿಕೊಂಡು ಬಟ್ಟೆಯ ಗಂಟಿಗೆ ಒರಗಿ ಮೊದಲಿನಿಂದ ಕೊನೆಯವರೆಗೆ ಕೇಳಿದ. ಹೆಡ್‌ಫೋನು ಇದ್ದುದು ಒಂದೇ. ನಾನೂ ಟೇಲರನೂ ಅವನ ಮುಖವನ್ನಷ್ಟೇ ಕಂಡೆವು. ಅವನು ಅತ್ತ ಎಂದು ಟೇಲರ ಹೇಳುತ್ತಾನೆ. ನನಗೆ ಅವನ ಹೆಬ್ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿದ್ದುದು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ತೆಗೆದು ಕೈಗೆ ಕೊಡುತ್ತ, "ಇಷ್ಟ ಇದ್ನೇನು ನಾ?" ಎಂದ. ಸಂತೋಷದಿಂದಲೋ ನಿರಾಸೆಯಿಂದಲೋ, ಆಗಲೇ ಕೇಳಬೇಕಿತ್ತು.

ಇನ್ನು ಅದನ್ನು ಸಾದಾ ಕ್ಯಾಸೆಟ್ಟಿಗೆ ಇಳಿಸುವುದೊಂದು ಬಾಕಿ. ಟೇಲರ ಅಕ್ಕನ ಮನೆಯಿಂದ ಕ್ಯಾಸೆಟ್ ರೆಕಾರ್ಡರ್ ತರುವಷ್ಟರಲ್ಲಿ ಕರೆಂಟು ಹೋಯಿತು. ಖಾನಾಪುರದಲ್ಲಿ ಕರೆಂಟು ಹೋದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಅಂದು ನಾವು ಬಲ್ಬಿನ ಕೆಳಗೇ ನಿಂತೆವು. ಬರಲಿಲ್ಲ. ಮುಂಬಯಿಯವರ ರೈಲಿನ ಹೊತ್ತಾಯಿತು. "ಪಟ್ಟಿ ನನ್ನ ಕಡೆ ಕೊಡ್ರಿ, ಮುಂಬೈಯಾಗ ಇಳಿಸಿ ಕಳಸ್ತೇನಿ," ಎಂದರು ಅವರು.

ಅವನು ವಿಡಿಯೋ ಕ್ಯಾಸೆಟ್ಟನ್ನು ಎದೆಗೆ ಹಿಡಿದುಕೊಂಡ. "ಸಿಟ್ಟಾಗಬ್ಯಾಡ್ರಿ. ನೀವು ಮಷೀನು ತರ್ರಿ, ಇಲ್ಲೇ ಇಳಿಸೂಣು."

"ಬ್ಯಾಸಗಿಗೆ ಬರತೇನಿ. ಇದಕ್ಕೇನೂ ಆಗೂದಿಲ್ಲ, ಎಷ್ಟ ದಿನ ಬಿಟ್ಟು ಇಳಿಸಿದ್ರೂ ಹಿಂಗ ಇರತೈತಿ."

ಆ ಮಾತು ನಿಜವೇ ಇತ್ತು. ಅವರು ಮಾತ್ರ ಬರಲಿಲ್ಲ.

ಆಪರೇಷನ್ ಆಯಿತು. ಹೆಣ್ಣುಮಗು ಹುಟ್ಟಿತು. ಅವನು ತುಟಿಯಾಡಿಸುತ್ತಿದ್ದ, ಹೆಂಡತಿ ಅದನ್ನು ಓದಿ ನಮಗೆ ಹೇಳುತ್ತಿದ್ದಳು. ನಾವು ಮುಂಬಯಿಗೆ ಬರೆದೆವು. ಪೆಟ್ಟಿಗೆ ತಮ್ಮದಲ್ಲ, ಬಾಡಿಗೆಯದು, ಅದರ ಧಣಿ ಮದ್ರಾಸಿಗೆ ಕೊಟ್ಟಿದ್ದಾನೆ ಎಂದು ಉತ್ತರ ಬಂತು. ರಜೆಯಲ್ಲಿ ನಾನೇ ಮುಂಬಯಿಗೆ ಹೋದೆ. ಧಣಿಯ ಬಾಗಿಲಿಗೆ ಬೀಗವಿತ್ತು. ಇನ್ನೊಂದು ಸ್ಟುಡಿಯೋದಲ್ಲಿ ಅಂಥದೇ ಯಂತ್ರವಿದೆ ಎಂದರು, ಅಲ್ಲಿಯವರು ಟೇಪು ತಂದುಕೊಡಿ, ನಾಲ್ಕು ದಿನ ಇಲ್ಲಿರಲಿ ಎಂದರು. ಖಾನಾಪುರಕ್ಕೆ ಬಂದು ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಯಾರ ಕೈಗೂ ಕೊಡುವುದಿಲ್ಲ. ಅವನೇ ಬರಲಿ ಎಂದರೆ, ಉಸಿರಾಟಕ್ಕೆಂದು ಗಂಟಲಿಗೆ ಮಾಡಿದ ತೂತಿಗೆ ಧೂಳು ಬೀಳಬಾರದು, ಅಷ್ಟು ದೂರದ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ಟೇಲರ ಮರಾಠಿಯಲ್ಲಿ ಬೈದ, ಕನ್ನಡದಲ್ಲಿ ಬೈದ, ಆಮೇಲೆ ಕೂತುಬಿಟ್ಟ.

ಮನೆಯಲ್ಲಿ ಉಳಿದಿದ್ದ ಸ್ಪೂಲುಗಳನ್ನು ಹುಡುಕಿದೆವು. ಎಲ್ಲದರ ಮೇಲೂ ರೆಕಾರ್ಡಿಂಗಿಗೆ ಮುಂಚಿನ ಕೊನೆಯ ತಿಂಗಳ ತಾಲೀಮು. ಗಿಟಾರ್ ಇತ್ತು, ಢೋಲಕಿ ಇತ್ತು. ಆ ತಾಲೀಮಿನಲ್ಲಿ ಅವನು ಡಾಕ್ಟರ ಮಾತಿನಂತೆ ಹಾಡದೆ, ಗಂಟಲು ಉಳಿಸಿಕೊಂಡು ಬದಿಗೆ ಕುಳಿತಿದ್ದ.

ಬೆಳಗಾವಿಯಲ್ಲಿ ಟಿವಿಯೂ ವಿಸಿಆರೂ ಬಾಡಿಗೆಗೆ ಸಿಗುತ್ತಿದ್ದವು. ಒಂದು ಭಾನುವಾರ ನನ್ನ ಮನೆಗೆ ತರಿಸಿ ಆ ಕ್ಯಾಸೆಟ್ಟನ್ನು ಹಾಕಿದೆವು. ದನಿ ಬರುವುದಿಲ್ಲ ಎಂದು ಗೊತ್ತಿತ್ತು. ಪರದೆಯ ತುಂಬ ಬಿಳಿಯ ಚುಕ್ಕೆಗಳು, ಕರಿಯ ಚುಕ್ಕೆಗಳು, ಸಾಲು ಸಾಲಾಗಿ ನಡುಗುತ್ತ ಓಡುತ್ತಿದ್ದವು. ಅಷ್ಟೆ. ಅವನು ನೆಲದ ಮೇಲೆ ಕುಳಿತು ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಬೆರಳಿನಿಂದ ತಾಳ ಹಾಕತೊಡಗಿದ. ಒಂದು ಕಡೆ ಕೈ ಎತ್ತಿ ತೋರಿಸಿ ತುಟಿಯಾಡಿಸಿದ.

"ಎರಡನೇ ಹಾಡು ಶುರು ಆತು ಅಂತಾರ," ಎಂದಳು ಹೆಂಡತಿ.

ಚುಕ್ಕೆಗಳಲ್ಲಿ ನನಗೆ ಯಾವ ಬದಲೂ ಕಾಣಲಿಲ್ಲ. ಟೇಲರ ಗಡಿಯಾರ ನೋಡಿದ. ಪರಿಚಯದ ಟಿವಿ ಮೆಕ್ಯಾನಿಕ್ ಬಂದು ಆ ಚಿತ್ರದ ತಂತಿಯನ್ನೇ ಸ್ಪೀಕರಿಗೆ ಹಚ್ಚಿ ನೋಡಿದ. ಗರಗಸ ಹಾಕಿದಂತೆ ಒಂದೇ ಸಮನೆ ಕಿರುಚಿತು. ಮಗು ಬೆಚ್ಚಿ ಅತ್ತಿತು. ಅವನು ಎದ್ದು ಹೊರಗೆ ಹೋದ.

ಅಂದು ಸಂಜೆ ನಾನೂ ಟೇಲರನೂ ಅವನ ದನಿಯ ಬಗ್ಗೆ ಜಗಳಾಡಿದೆವು. ಮೇಲಿನ ಸ್ವರಕ್ಕೆ ಹೋಗುವಾಗ ಅದು ಸಣ್ಣಗೆ ಸೀಳುತ್ತಿತ್ತು, ಅದೇ ಅದರ ಸೊಗಸು ಎಂದೆ ನಾನು. "ಯಾವಾಗ ಸೀಳ್ತೋ? ಬೆಣ್ಣಿ ಹಂಗ ಹೋಗತಿತ್ತು," ಎಂದ ಟೇಲರ. ಹಾಡುವವನ ಹೆಂಡತಿಯನ್ನು ಕೇಳಿದೆವು. "ನನಗೆಲ್ಲಿ ಹಾಡ್ಯಾರ್ರಿ ಅವ್ರು? ಚಾ ಮಾಡು ಅಂತಿದ್ರು, ಅದ ನೆನಪೈತಿ," ಎಂದಳು. ಹನ್ನೆರಡು ವರ್ಷ ಪಕ್ಕದಲ್ಲಿ ಕುಳಿತು ಬಾರಿಸಿದವರು ನಾವು. ಆಗಲೇ ನಮ್ಮೊಳಗೆ ಎರಡು ದನಿಗಳಿದ್ದವು. ಎರಡೂ ಅವನವಾಗಿರಲಾರವು. ಎರಡೂ ಅವನವಲ್ಲದಿರಬಹುದು.

ಮಗುವಿಗೆ ಮೂರು ತುಂಬುವ ಹೊತ್ತಿಗೆ ಅವನ ಹೆಂಡತಿಯ ತಮ್ಮನ ಮದುವೆ ಬಂತು, ಬೀಡಿಯಲ್ಲಿ. ವಿಡಿಯೋ ತೆಗೆಯುವವನು ಕ್ಯಾಸೆಟ್ ನೀವೇ ಕೊಡಬೇಕು ಎಂದಿದ್ದನಂತೆ. ಬಟ್ಟೆ ಹೊಲಿಸಲು ಬಂದ ಅವಳು ಅಂಗಡಿಯಲ್ಲಿ ಈ ಮಾತು ಹೇಳುತ್ತಿದ್ದಳು, ನಾನೂ ಅಲ್ಲಿದ್ದೆ. ಟೇಲರನ ಕತ್ತರಿ ನಿಂತಿತು.

"ಯಾವ ಕ್ಯಾಸೆಟ್ ಕೊಟ್ರಿ, ವೈನಿ?"

"ಮನ್ಯಾಗ ಒಂದ ಇತ್ತಲ್ರಿ. ಇವ್ರ ತಾವ ಹೋಗಿ ಕೊಟ್ಟ ಬಂದಾರ."

ಅವನು ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ. ಟೇಲರ ಅವನ ಕಡೆ ತಿರುಗಿ, "ತಲಿ ನೆಟ್ಟಗೈತೇನಲೇ ನಿಂದು? ಅದರಾಗ ಏನೈತಿ ಗೊತ್ತಿಲ್ಲೇನು?" ಎಂದ.

ಅವನು ತುಟಿಯಾಡಿಸಿದ. ಹೆಂಡತಿ ಅವನನ್ನೇ ನೋಡಿದಳು, ಹೇಳಲೋ ಬೇಡವೋ ಎಂಬಂತೆ ತಡೆದಳು.

"ಖಾಲಿ ಐತಿ ಅಂತಾರ," ಎಂದಳು.

ಮದುವೆಯ ವಿಡಿಯೋ ತೋರಿಸಲು ಆಮೇಲೊಂದು ದಿನ ಎಲ್ಲರನ್ನೂ ಹಾಡುವವನ ಮನೆಗೆ ಕರೆದಿದ್ದರು. ನಡುಮನೆಯಲ್ಲಿ ಚಾಪೆ, ಬೀಡಿಯಿಂದ ಬಂದ ನೆಂಟರು, ಪರದೆಯಲ್ಲಿ ತಮ್ಮನ್ನು ಕಂಡಾಗಲೆಲ್ಲ ನಗು. "ಏ, ನಮ್ಮ ಮಾವ ನೋಡ್ರಿ, ಹೋಳಿಗಿ ಅಂದ್ರ ಹೆಂಗ ಬಾಯಿ ತಗದಾನ!" ಅಕ್ಕಿಕಾಳು ಬಿತ್ತು, ಪಂಕ್ತಿ ಎದ್ದಿತು, ಮದುಮಗಳು ಅಳುತ್ತ ಜೀಪು ಹತ್ತಿದಳು. ಜೀಪಿನ ಹಿಂದೆ ಧೂಳು. ಮದುವೆ ಮುಗಿದರೂ ಪಟ್ಟಿ ಮುಗಿದಿರಲಿಲ್ಲ. ಪರದೆ ಒಮ್ಮೆ ಕಪ್ಪಾಗಿ, ತಟ್ಟನೆ ಚುಕ್ಕೆಗಳು ಬಂದವು. ಅಳಿಯದೆ ಉಳಿದ ಕೊನೆಯ ಹಾಡು, ಅದರ ಕೊನೆಯ ಭಾಗ.

"ಮುಗೀತ ಬಿಡ್ರಿ, ಬಂದ್ ಮಾಡ್ರಿ," ಎಂದಳು ಹಿಂದಿನಿಂದ ಒಬ್ಬ ಹೆಂಗಸು. ಎಲ್ಲರೂ ಏಳತೊಡಗಿದರು.

ಮಗು ಮಾತ್ರ ಟಿವಿಯ ಹತ್ತಿರ ಹೋಗಿ ಓಡುವ ಚುಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು ನಿಂತಿತ್ತು. ಟೇಲರ ನನ್ನ ಮೊಣಕೈ ಹಿಡಿದುಕೊಂಡ. ಹಾಡುವವನು ನೆಂಟರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ, ಒಂದು ಕೈಯಿಂದ ಮಗಳನ್ನು ಎತ್ತಿಕೊಂಡ, ಇನ್ನೊಂದು ಕೈಯಿಂದ ಗುಂಡಿ ತಿರುಗಿಸಿ ಟಿವಿ ಆರಿಸಿದ.